ಅಮೆರಿಕದಲ್ಲಿ ಮನೆಗೊಂದು ಕೋವಿ: ಯಾವುದು ಕೊಳ್ಳಬೇಕು, ಎಷ್ಟು ಗುಂಡು ಇಡಬೇಕು, ಎಷ್ಟು ಖರ್ಚು

2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮ ಸುರಿದು ದಿನಗಟ್ಟಲೆ ಕರೆಂಟು, ನೀರು ಎರಡೂ ಇಲ್ಲದಂತಾಯಿತು. ಆಗಿನಿಂದ ಅಲ್ಲಿನ ಕನ್ನಡಿಗರಷ್ಟೇ ಅಲ್ಲ, ಫ್ಲೋರಿಡಾದ ಚಂಡಮಾರುತ, ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು ನೋಡಿದವರೂ ಕೇಳುವುದು ಒಂದೇ: "ಆಪತ್ತಿಗೆ ಮನೆಯಲ್ಲೊಂದು ಗನ್ ಇರಲಿ ಅನಿಸ್ತಿದೆ. ಜಾಸ್ತಿ ದುಡ್ಡು ಹಾಕೋಕೆ ಮನಸ್ಸಿಲ್ಲ. ಯಾವುದು ತಗೊಳ್ಳೋದು, ಬುಲೆಟ್ ಎಷ್ಟು ಸ್ಟಾಕ್ ಮಾಡೋದು?"

ಚಿಕ್ಕ ಉತ್ತರ ಇಷ್ಟು. ಒಂದೇ ಕೋವಿ, ಅದಕ್ಕೆ ಒಂದೇ ಅಳತೆಯ ಗುಂಡು, ಮಿಕ್ಕ ದುಡ್ಡು ಬೀಗಕ್ಕೆ ಮತ್ತು ಅಭ್ಯಾಸಕ್ಕೆ. ಮೂರು ಬಗೆಯ ಕೋವಿ, ಮೂರು ಬಗೆಯ ಗುಂಡು ಅಂತ ಶುರು ಮಾಡಿದವರ ಬಜೆಟ್ಟು ಕೋವಿಯಲ್ಲೇ ಮುಗಿದುಹೋಗುತ್ತದೆ, ಕಲಿಯಲು ಕಾಸು ಉಳಿಯುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು, ಎರಡು ವಾರಕ್ಕಾಗುವ ಅಕ್ಕಿ ಬೇಳೆ, ಬಿಪಿ ಶುಗರ್ ಮಾತ್ರೆ, ಟಾರ್ಚು, ಪವರ್ ಬ್ಯಾಂಕು, ಕಾರ್ಬನ್ ಮಾನಾಕ್ಸೈಡ್ ಅಲಾರಂ. ಇವು ಮನೆಯಲ್ಲಿ ಇಲ್ಲದಿದ್ದರೆ ಈ ಲೇಖನ ಪಕ್ಕಕ್ಕಿಡಿ. ಆ ಟೆಕ್ಸಾಸಿನ ಚಳಿಯಲ್ಲಿ ಜೀವ ತೆಗೆದದ್ದು ಥಂಡಿ ಮತ್ತು ಮುಚ್ಚಿದ ಜಾಗದಲ್ಲಿ ಕಾರು, ಜನರೇಟರ್, ಇದ್ದಿಲ ಒಲೆ ಉರಿಸಿದ್ದರ ಹೊಗೆ. ಅದಕ್ಕೆಲ್ಲ ಕೋವಿಯಲ್ಲಿ ಮದ್ದಿಲ್ಲ.

ಕೆಳಗಿನ ಬೆಲೆಗಳು 2024–25ರ ಆಸುಪಾಸಿನವು. ತೆರಿಗೆ ಬೇರೆ, ಊರಿಂದೂರಿಗೆ ವ್ಯತ್ಯಾಸ ಇದ್ದೇ ಇರುತ್ತದೆ.

1. ಇಟ್ಟುಕೊಳ್ಳುವ ಹಕ್ಕು ನಿಮಗಿದೆಯೇ?

ನಮ್ಮವರು ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಅಮೆರಿಕನ್ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಹೀಗೆ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಫೆಡರಲ್ (ಅಂದರೆ ಕೇಂದ್ರದ) ಕಾನೂನು ಕೋವಿಯನ್ನೂ ಗುಂಡನ್ನೂ ನಿಷೇಧಿಸುತ್ತದೆ. ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಡ್ರಾಯರಿನಲ್ಲಿ ಒಂದೇ ಒಂದು ಗುಂಡು ಇದ್ದರೂ ಇದೇ ಲೆಕ್ಕ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ವರ್ಷದಿಂದ ಇದ್ದೇವೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ನೀವು ಇನ್ನೂ ಎಚ್-1ಬಿಯಲ್ಲೇ ಇದ್ದೀರಿ ಅನ್ನುವುದಷ್ಟೇ ಮುಖ್ಯ.

ಇದಕ್ಕೊಂದು ವಿನಾಯಿತಿ ಇದೆ: ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು. ಈ ದಾರಿಯಲ್ಲಿ ಹೋಗುವವರಿಗೆ ಎಚ್ಚರಿಕೆ ಏನೆಂದರೆ, ಲೈಸೆನ್ಸಿನ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ, ಆದರೆ ಕೋವಿ ನಿಮ್ಮ ಕಪಾಟಿನಲ್ಲೇ ಇರುತ್ತದೆ. ನವೀಕರಣ ಮರೆತರೆ ಆ ಕ್ಷಣದಿಂದ ನೀವು ಫೆಡರಲ್ ಅಪರಾಧಿ. ನನ್ನ ಸಲಹೆ ಕೇಳಿದರೆ, ವೀಸಾದಲ್ಲಿರುವವರು ಗ್ರೀನ್ ಕಾರ್ಡ್ ಬರುವ ತನಕ ಈ ತಂಟೆಗೇ ಹೋಗಬೇಡಿ. ಹೋಗಲೇಬೇಕೆಂದರೆ ವಲಸೆ ವಕೀಲರನ್ನು ಕೇಳಿಯೇ ಹೋಗಿ. ಕೋವಿಗೆ ಸಂಬಂಧಿಸಿದ ಯಾವುದೇ ಅಪರಾಧ ಸಾಬೀತಾದರೂ ಗಡೀಪಾರಿಗೆ ಅದು ಸಾಕು. ಗ್ರೀನ್ ಕಾರ್ಡ್ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ.

ಅಣ್ಣನಿಗೆ ಗ್ರೀನ್ ಕಾರ್ಡ್ ಇದ್ದು, ಜೊತೆಗಿರುವ ತಮ್ಮ ಎಚ್-1ಬಿಯಲ್ಲಿ ಇದ್ದರೆ? ಕೋವಿ ಇರುವ ಪೆಟ್ಟಿಗೆಯ ಕೀಲಿ, ಕೋಡು ಯಾವುದೂ ತಮ್ಮನ ಕೈಗೆ ಸಿಗಬಾರದು. ಕೈಗೆಟುಕುವಂತೆ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಅವನ ವಶದಲ್ಲೂ ಇದ್ದಂತೆ. ಇನ್ನು "ನಿನ್ನ ಹೆಸರಲ್ಲಿ ಕೊಂಡು ನನಗೆ ಕೊಡು" ಅಂತ ಯಾರಾದರೂ ಕೇಳಿದರೆ ಮುಲಾಜಿಲ್ಲದೆ ಇಲ್ಲ ಅನ್ನಿ. ಇದನ್ನು ಸ್ಟ್ರಾ ಪರ್ಚೇಸ್ ಅನ್ನುತ್ತಾರೆ, ಅಂದರೆ ಬೇನಾಮಿ ಖರೀದಿ. 2022ರ ಕಾಯ್ದೆಯ ಪ್ರಕಾರ 15 ವರ್ಷದ ತನಕ ಜೈಲು.

ಕೊಡಗಿನವರಿಗೆ ಒಂದು ಮಾತು. ಅಲ್ಲಿ ಶಸ್ತ್ರ ಕಾಯ್ದೆಯಡಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಸಮುದ್ರ ದಾಟುವುದಿಲ್ಲ.

ವೀಸಾ ಬಿಟ್ಟರೆ ಮುಖ್ಯವಾದ ತಡೆಗಳು: ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಆಗಬಹುದಾದ ಅಪರಾಧದಲ್ಲಿ ದೋಷಿ ಆಗಿರುವುದು, ಮನೆಯವರ ಮೇಲಿನ ಹಲ್ಲೆ ಪ್ರಕರಣದಲ್ಲಿ ದೋಷಿ ಆಗಿರುವುದು, ಗಾಂಜಾ ಸೇವನೆ. ನಿಮ್ಮ ರಾಜ್ಯದಲ್ಲಿ ಗಾಂಜಾ ಅಂಗಡಿಯಲ್ಲೇ ಮಾರಿದರೂ ಫೆಡರಲ್ ಅರ್ಜಿಯಲ್ಲಿ ಆ ಪ್ರಶ್ನೆ ಇದೆ. ಸುಳ್ಳು ಬರೆದರೆ ಅದೇ ಒಂದು ಬೇರೆ ಅಪರಾಧ.

2. ನಿಮ್ಮ ರಾಜ್ಯ ಏನು ಹೇಳುತ್ತದೆ?

ಟೆಕ್ಸಾಸಿನಲ್ಲಿ ಕೊಳ್ಳಲು ಮುಂಚಿತ ಪರವಾನಗಿ ಬೇಡ. ನ್ಯೂಜೆರ್ಸಿಯಲ್ಲಿ ಖರೀದಿದಾರರ ಗುರುತಿನ ಕಾರ್ಡು ಬೇಕು, ಪಿಸ್ತೂಲಿಗೆ ಪ್ರತ್ಯೇಕ ಪರವಾನಗಿ ಬೇರೆ. ಇಲಿನಾಯ್‌ನಲ್ಲಿ ಎಫ್‌ಒಐಡಿ ಕಾರ್ಡ್, ಅಂದರೆ ಕೋವಿ ಇಟ್ಟುಕೊಳ್ಳುವವರ ಗುರುತಿನ ಚೀಟಿ, ಇಲ್ಲದೆ ಕೋವಿಯೂ ಇಲ್ಲ, ಗುಂಡೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸು ಮಾಡಬೇಕು, ದುಡ್ಡು ಕಟ್ಟಿ 10 ದಿನ ಕಾಯಬೇಕು, 2024ರ ಜುಲೈನಿಂದ ಕೋವಿ ಮತ್ತು ಗುಂಡಿನ ಮೇಲೆ 11 ಪರ್ಸೆಂಟು ಹೆಚ್ಚುವರಿ ತೆರಿಗೆ ಬೇರೆ ಇದೆ. ನ್ಯೂಯಾರ್ಕಿನಲ್ಲಿ 2023ರಿಂದ ಗುಂಡು ಕೊಳ್ಳುವಾಗಲೂ ಹಿನ್ನೆಲೆ ತಪಾಸಣೆ ನಡೆಯುತ್ತದೆ.

ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ವಾಷಿಂಗ್ಟನ್ ರಾಜ್ಯಗಳಲ್ಲಿ 10ಕ್ಕಿಂತ ಹೆಚ್ಚು ಹಿಡಿಸುವಂತಿದ್ದರೆ ಮಾರುವ ಹಾಗಿಲ್ಲ. ಟೆಕ್ಸಾಸಿನ ಡಲ್ಲಾಸಿನಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಮನೆ ಬದಲಾಯಿಸುವಾಗ 15ರ ಮ್ಯಾಗಜೀನನ್ನು ಪಾತ್ರೆ ಪಗಡೆ ಜೊತೆ ಪ್ಯಾಕ್ ಮಾಡಿ ಒಯ್ದರೆ ಅಲ್ಲಿ ಅದು ಅಪರಾಧ. ಈ ನಿಯಮಗಳ ಮೇಲೆ ಕೋರ್ಟಿನಲ್ಲಿ ಸದಾ ಕೇಸು ನಡೆಯುತ್ತಲೇ ಇರುತ್ತದೆ. ಕೊಳ್ಳುವ ವಾರ ರಾಜ್ಯ ಪೊಲೀಸ್ ಇಲ್ಲವೇ ಅಟಾರ್ನಿ ಜನರಲ್ ಅವರ ಜಾಲತಾಣ ನೋಡಿಕೊಳ್ಳಿ.

3. ಮೊದಲು ಬೀಗ, ಆಮೇಲೆ ಕೋವಿ

ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಕೋವಿ ಮನೆಗೆ ಬರುವ ಹೊತ್ತಿಗೆ ಅದನ್ನಿಡುವ ಜಾಗ ಗೋಡೆಗೋ ನೆಲಕ್ಕೋ ಬೋಲ್ಟಾಗಿ ಕೂತಿರಬೇಕು.

ಉದ್ದ ಕೋವಿಗೆ ಸ್ಟೀಲ್ ಕಪಾಟು 130ರಿಂದ 200 ಡಾಲರಿಗೆ ಸಿಗುತ್ತದೆ. ಅದರ ಹಿಂಬದಿಯ ತೂತುಗಳ ಮೂಲಕ ಗೋಡೆಯೊಳಗಿನ ಮರದ ಕಂಬಕ್ಕೇ ಸ್ಕ್ರೂ ಹೊಡೆಯಿರಿ. ಬರೀ ಶೀಟ್‌ರಾಕಿಗೆ (ಗೋಡೆಯ ಜಿಪ್ಸಮ್ ಹಲಗೆಗೆ) ಹೊಡೆದರೆ ಕಳ್ಳ ಒಂದೇ ಎಳೆತಕ್ಕೆ ಕಪಾಟು ಸಮೇತ ಹೊತ್ತೊಯ್ಯುತ್ತಾನೆ. ಪಿಸ್ತೂಲಿಗೆ 100 ಡಾಲರ್ ಆಸುಪಾಸಿನ ಚಿಕ್ಕ ಪೆಟ್ಟಿಗೆ ಸಾಕು. ಬೆರಳಚ್ಚಿನ ಪೆಟ್ಟಿಗೆ ಅಗ್ಗವಾಗಿದ್ದರೆ ನಂಬಬೇಡಿ. ನೋಂದಾಯಿಸದ ಬೆರಳಿಗೂ ತೆರೆದುಕೊಳ್ಳುತ್ತವೆ ಅಂತ 2023ರಲ್ಲಿ ಇಂಥ ಸಾವಿರಾರು ಪೆಟ್ಟಿಗೆಗಳನ್ನು ವಾಪಸ್ ಕರೆಸಲಾಯಿತು. ಬ್ಯಾಟರಿಯೇ ಬೇಡದ, ಗುಂಡಿ ಒತ್ತುವ ಯಾಂತ್ರಿಕ ಬೀಗ ಕೊಂಚ ದುಬಾರಿ, ಆದರೆ ಕರೆಂಟು ಹೋದ ಮೂರನೇ ದಿನವೂ ತೆರೆಯುತ್ತದೆ.

ಕೇಬಲ್ ಲಾಕು, ಅಂದರೆ ಕೋವಿಯ ಹೊಟ್ಟೆಯೊಳಗಿಂದ ತೂರಿಸಿ ಹಾಕುವ ಉಕ್ಕಿನ ಹಗ್ಗದ ಬೀಗ, ಪ್ರಾಜೆಕ್ಟ್ ಚೈಲ್ಡ್‌ಸೇಫ್ ಯೋಜನೆಯಡಿ ಅನೇಕ ಪೊಲೀಸ್ ಠಾಣೆಗಳಲ್ಲಿ ಪುಕ್ಕಟೆ ಸಿಗುತ್ತದೆ.

ಮನೆಯ ಮಕ್ಕಳಿಗೆ ಗೊತ್ತಿರುವ ಶಿಸ್ತು ಹುಟ್ಟುಹಬ್ಬಕ್ಕೆ ಬಂದ ಪಕ್ಕದ ಮನೆ ಮಕ್ಕಳಿಗೆ ಗೊತ್ತಿರುವುದಿಲ್ಲ. ಊರಿಂದ ಆರು ತಿಂಗಳಿಗೆ ಬಂದ ಅತ್ತೆ ಮಾವ ಬೀರು ಒಪ್ಪ ಮಾಡುತ್ತಾ "ಇದೇನು ಡಬ್ಬಿ" ಅಂತ ತೆಗೆಯುವುದೂ ಉಂಟು. ಅವರಿರುವುದು ಬಿ-2 ವೀಸಾದಲ್ಲಿ ಅನ್ನುವುದನ್ನೂ ನೆನಪಿಡಿ.

ಇನ್ನೊಂದು ವಿಷಯ ಬಾಯಿಬಿಟ್ಟು ಹೇಳಬೇಕು. ಅಮೆರಿಕದಲ್ಲಿ ಕೋವಿಯಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಹದಿಹರೆಯದ ಮಗು ಮಂಕಾಗಿದ್ದರೆ, ಕೆಲಸ ಹೋಗಿ ಯಾರಾದರೂ ಕುಸಿದಿದ್ದರೆ ಕೋವಿ ಕೊಳ್ಳಬೇಡಿ. ಈಗಾಗಲೇ ಇದ್ದರೆ ಹೊರಗಡೆ ಇರಿಸಿ. ಕೆಲವು ಅಂಗಡಿ, ಠಾಣೆಗಳು ಈ ಅನುಕೂಲ ಕೊಡುತ್ತವೆ. ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

4. ಯಾವ ಕೋವಿ?

ಬಜೆಟ್ ಬಿಗಿ ಇದ್ದವರಿಗೆ ಮೂರು ದಾರಿ. ಇದರಲ್ಲಿ ಒಂದನ್ನು ಆರಿಸಿಕೊಳ್ಳಿ.

*ಪಂಪ್ ಶಾಟ್‌ಗನ್.* ಮಲೆನಾಡಿನ ತೋಟದ ಮನೆಗಳಲ್ಲಿ ನೋಡಿದ 12 ಬೋರ್ ಕೋವಿಯ ತಮ್ಮ ಇದು. ಇಲ್ಲಿ ಬೋರ್ ಬದಲು ಗೇಜ್ ಅನ್ನುತ್ತಾರೆ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಎಳೆದು ಮುಂದೆ ತಳ್ಳಿದರೆ ಖಾಲಿ ತೋಟೆ (ಶಾಟ್‌ಗನ್ನಿನ ಗುಂಡು) ಹೊರಬಿದ್ದು ಹೊಸದು ಒಳಹೋಗುತ್ತದೆ. ಹೊಸ ಮ್ಯಾವರಿಕ್ 88 ಸುಮಾರು 230 ಡಾಲರ್, ಅದೇ ಕಂಪನಿಯ ಮಾಸ್‌ಬರ್ಗ್ 500 ಅದರ ದುಪ್ಪಟ್ಟಿನ ಹತ್ತಿರ. ಮನೆಯ ಕೆಲಸಕ್ಕೆ ಮೊದಲನೆಯದೇ ಸಾಕು. ಸೇಫ್ಟಿ (ತಾನಾಗಿ ಹಾರದಂತೆ ತಡೆಯುವ ಗುಂಡಿ) ಇರುವ ಜಾಗ, ಲೋಹದ ಹೊಳಪು, ಬಿಡಿಭಾಗದ ಆಯ್ಕೆ ಇಷ್ಟರಲ್ಲೇ ವ್ಯತ್ಯಾಸ. ಎಲ್ಲಾ ರಾಜ್ಯಗಳಲ್ಲೂ ಪಂಪ್ ಶಾಟ್‌ಗನ್ನಿಗೆ ಕಿರಿಕಿರಿ ಕಡಿಮೆ.

ಕೊರತೆ ಏನು? ಭುಜಕ್ಕೆ ಬಲವಾಗಿ ಒದೆಯುತ್ತದೆ. ಸಣ್ಣ ಮೈಕಟ್ಟಿನವರು 20 ಗೇಜ್, ಅಂದರೆ ಇನ್ನೂ ಸಣ್ಣ ನಳಿಗೆಯದು ನೋಡಿ, ಇಲ್ಲವೇ 12ರಲ್ಲೇ ಕಡಿಮೆ ಒದೆತದ ತೋಟೆ ಬಳಸಿ. ಹೊಸಬರು ಮಾಡುವ ಸಾಮಾನ್ಯ ತಪ್ಪು ಹಿಡಿಯನ್ನು ಅರ್ಧಕ್ಕೇ ಎಳೆಯುವುದು. ಆಗ ಖಾಲಿ ತೋಟೆ ಪೂರ್ತಿ ಹೊರಬೀಳದೆ ಹೊಸದರ ಜೊತೆ ಸಿಕ್ಕಿಕೊಳ್ಳುತ್ತದೆ. ಕೊನೆ ಮುಟ್ಟಿ ಟಕ್ ಅನ್ನುವ ತನಕ ಗಟ್ಟಿಯಾಗಿ ಎಳೆಯಬೇಕು.

*9 ಎಂಎಂ ಪಿಸ್ತೂಲು.* ಜಾಗ ಕಡಿಮೆ ಸಾಕು, ಬೀಗ ಹಾಕುವುದು ಸುಲಭ, ಗುಂಡೂ ಅಗ್ಗ. ಆದರೆ ನೆಟ್ಟಗೆ ಹೊಡೆಯಲು ಕಲಿಯುವುದು ಮೂರರಲ್ಲಿ ಇದೇ ಕಷ್ಟ. ಹೊಸ ಗ್ಲಾಕ್ 19 ಸುಮಾರು 500ರಿಂದ 550 ಡಾಲರ್. ಪೊಲೀಸ್ ಇಲಾಖೆಗಳು ಹಳೆಯದನ್ನು ಕೊಟ್ಟು ಹೊಸದು ಪಡೆಯುವಾಗ ಮಾರುಕಟ್ಟೆಗೆ ಬರುವ ಬಳಸಿದ ಗ್ಲಾಕ್, ಸ್ಮಿತ್ ಆ್ಯಂಡ್ ವೆಸನ್ ಪಿಸ್ತೂಲುಗಳು 300ರಿಂದ 400ಕ್ಕೆ ಸಿಗುತ್ತವೆ. ಇವು ವರ್ಷಗಟ್ಟಲೆ ಸೊಂಟದಲ್ಲಿ ತೂಗಿ ಹೊರಮೈ ತಿಕ್ಕಿ ಹೋಗಿರುತ್ತವೆ, ಒಳಗೆ ಅಷ್ಟೇನೂ ಸವೆದಿರುವುದಿಲ್ಲ. ಕೊಂಡ ಮೇಲೆ 10–20 ಡಾಲರಿನ ರಿಕಾಯಿಲ್ ಸ್ಪ್ರಿಂಗ್ (ಒದೆತ ತಾಳಿಕೊಳ್ಳುವ ಸ್ಪ್ರಿಂಗು) ಹೊಸದು ಹಾಕಿಬಿಡಿ. ಕತ್ತಲಲ್ಲಿ ಹೊಳೆಯುವ ಗುರಿಚುಕ್ಕೆ ಇದೆ ಅಂತ ಹೆಚ್ಚು ಕೊಡಬೇಡಿ. ಅದರಲ್ಲಿರುವ ಟ್ರಿಟಿಯಮ್ ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧ ಮಂಕಾಗುತ್ತದೆ.

ಅಂಗೈಯಷ್ಟು ಚಿಕ್ಕ ಪಿಸ್ತೂಲು ನೋಡಲು ಮುದ್ದಾಗಿರುತ್ತದೆ. ಮೊದಲ ಕೋವಿಯಾಗಿ ಅದು ಬೇಡ. ಹಿಡಿ ಚಿಕ್ಕದಾದಷ್ಟೂ ಒದೆತ ಹೆಚ್ಚು, ಗುರಿ ತಪ್ಪುವುದು ಹೆಚ್ಚು, ಅಭ್ಯಾಸದ ಮೇಲೆ ಬೇಸರವೂ ಹೆಚ್ಚು.

*.22 ರೈಫಲ್.* ಪಾಯಿಂಟ್ ಟೂಟೂ ಅನ್ನುವುದು ಇದನ್ನೇ. ರೂಗರ್ 10/22 ಸುಮಾರು 300 ಡಾಲರ್. ಒದೆತ ಇಲ್ಲವೇ ಇಲ್ಲ ಅನ್ನಬೇಕು, ಗುಂಡು ಒಂದಕ್ಕೆ 7–9 ಸೆಂಟು. ಕಲಿಯಲು ಇದರಂಥದ್ದು ಇನ್ನೊಂದಿಲ್ಲ. ಆತ್ಮರಕ್ಷಣೆಗೆ ಇದರ ಶಕ್ತಿ ಕಡಿಮೆ, ಗುಂಡು ಸಿಡಿಯದೆ ಠುಸ್ ಆಗುವುದೂ ಬೇರೆಯದಕ್ಕಿಂತ ಹೆಚ್ಚು. ಊರಾಚೆ ಜಮೀನು, ಕೋಳಿ ಗೂಡು ಇದ್ದವರಿಗೆ ಮತ್ತು ನಿಧಾನವಾಗಿ ಕಲಿಯುತ್ತೇನೆ ಅನ್ನುವವರಿಗೆ ಸರಿ.

ಎಆರ್-15, ಅಂದರೆ ಮಿಲಿಟರಿ ಶೈಲಿಯ ಅರೆ ಸ್ವಯಂಚಾಲಿತ ರೈಫಲ್ ಬಗ್ಗೆ ಕೇಳುವವರು ಬಹಳ. ಕೋವಿ 500 ಡಾಲರಿಗೂ ಸಿಗುತ್ತದೆ ನಿಜ, ಆದರೆ ಗುಂಡು 9 ಎಂಎಂಗಿಂತ ಸುಮಾರು ದುಪ್ಪಟ್ಟು ಬೆಲೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ಎಲ್ಲ ಕಡೆ ನಿಷೇಧವೋ ನಿರ್ಬಂಧವೋ ಇದೆ. ಮೊದಲ ಕೋವಿಯಾಗಿ ನಾನು ಹೇಳುವುದಿಲ್ಲ.

ಆರಿಸುವ ಮುಂಚೆ ನಿಮ್ಮ ಮನೆಯ ಗೋಡೆಗೆ ಒಮ್ಮೆ ಕುಟ್ಟಿ ನೋಡಿ. ಊರಿನ ಇಟ್ಟಿಗೆ ಗೋಡೆ ಅಲ್ಲ ಇದು. ಅರ್ಧ ಇಂಚಿನ ಎರಡು ಶೀಟ್‌ರಾಕ್ ಹಲಗೆ, ನಡುವೆ ಟೊಳ್ಳು. 9 ಎಂಎಂ ಗುಂಡಾಗಲಿ ಶಾಟ್‌ಗನ್ ತೋಟೆಯೊಳಗಿನ ದೊಡ್ಡ ಚರೆಯಾಗಲಿ (ಸೀಸದ ಗುಳಿಗೆ) ಇಂಥ ಹಲವು ಗೋಡೆಗಳನ್ನು ತೂರಿಕೊಂಡು ಹೋಗುತ್ತದೆ. ಅಪಾರ್ಟ್‌ಮೆಂಟ್, ಟೌನ್‌ಹೌಸಿನಲ್ಲಿ ಇರುವವರು ಗೋಡೆಯಾಚೆ ಯಾರ ಹಾಸಿಗೆ ಇದೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಬಾಡಿಗೆ ಕರಾರಿನಲ್ಲಿ ಕೋವಿಯ ಬಗ್ಗೆ ಏನಿದೆ ಅಂತಲೂ ಓದಿ.

ಬಳಸಿದ ಕೋವಿ ಕೊಳ್ಳುವುದಾದರೆ ಖಾಲಿ ಇದೆ ಅಂತ ಖಚಿತ ಮಾಡಿಕೊಂಡು ನಳಿಗೆಯೊಳಗೆ ಟಾರ್ಚು ಬಿಟ್ಟು ನೋಡಿ. ಒಳಗೆ ಉಂಗುರದಂಥ ನೆರಳು ಕಂಡರೆ ನಳಿಗೆ ಒಮ್ಮೆ ಉಬ್ಬಿದೆ ಅಂತ ಅರ್ಥ, ಬಿಟ್ಟುಬಿಡಿ. ತುಕ್ಕಿನ ಗುಳಿ, ಮರದ ಹಿಡಿಯ ಸೀಳು ಇದ್ದರೂ ಬೇಡ. ಪರಿಚಯದವರಿಂದ ಕೊಂಡರೂ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ವರ್ಗಾಯಿಸಿಕೊಳ್ಳಿ. 25–50 ಡಾಲರ್ ಹೋಗುತ್ತದೆ, ಕದ್ದ ಮಾಲು ಕೈಗೆ ಬಂತೇ ಅನ್ನುವ ಚಿಂತೆ ಹೆಚ್ಚುಕಡಿಮೆ ಹೋಗುತ್ತದೆ.

5. ಅಂಗಡಿಯಲ್ಲಿ

ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು, ಅದರಲ್ಲಿ ಈಗಿನ ಮನೆ ವಿಳಾಸವೇ ಇರಬೇಕು. ಮನೆ ಬದಲಿಸಿ ಡ್ರೈವಿಂಗ್ ಲೈಸೆನ್ಸ್ ತಿದ್ದಿಸದವರು ಇಲ್ಲಿಂದ ವಾಪಸ್ ಬರುತ್ತಾರೆ. ವಾಹನ ನೋಂದಣಿಯಂಥ ಇನ್ನೊಂದು ಸರ್ಕಾರಿ ಕಾಗದದಲ್ಲಿ ಹೊಸ ವಿಳಾಸ ಇದ್ದರೆ ನಡೆಯುತ್ತದೆ. ಗ್ರೀನ್ ಕಾರ್ಡಿನವರು ಕಾರ್ಡನ್ನೇ ಒಯ್ಯಿರಿ, ಅರ್ಜಿಯಲ್ಲಿ ಅದರ ಸಂಖ್ಯೆ ಬರೆಯಬೇಕು.

ಅರ್ಜಿಯ ಹೆಸರು ಫಾರ್ಮ್ 4473. ಹೆಸರು ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ಲಿನಲ್ಲಿ ಇರುವ ನಮ್ಮವರಿಗೆ ಇಲ್ಲೇ ತೊಡಕು. ಅಂಗಡಿಯವರು ಹಿನ್ನೆಲೆ ತಪಾಸಣೆಗೆ ಎಫ್‌ಬಿಐನ ಎನ್‌ಐಸಿಎಸ್ ವ್ಯವಸ್ಥೆಗೋ ರಾಜ್ಯದ ಇಲಾಖೆಗೋ ವಿವರ ಕಳಿಸುತ್ತಾರೆ. "ಪ್ರೊಸೀಡ್" ಬಂದರೆ ಅಂದೇ ಮುಗಿಯಿತು, ರಾಜ್ಯದ ಕಾಯುವ ಅವಧಿ ಇದ್ದರೆ ಆಮೇಲೆ. "ಡಿಲೇ" ಬಂದರೆ ಗಾಬರಿ ಬೇಡ. ಒಂದೇ ಥರದ ಹೆಸರಿನವರು ಇದ್ದಾಗ ಹಾಗಾಗುತ್ತದೆ. ಫೆಡರಲ್ ನಿಯಮದಂತೆ ಅಂಗಡಿಯವರು 21 ತುಂಬದವರಿಗೆ ಪಿಸ್ತೂಲು, ಅದರ ಗುಂಡು ಮಾರುವಂತಿಲ್ಲ. ಶಾಟ್‌ಗನ್, ರೈಫಲಿಗೆ 18.

6. ಗುಂಡು: ಯಾವುದು, ಎಷ್ಟು

ಫೆಡರಲ್ ಕಾನೂನಿನಲ್ಲಿ ಇಷ್ಟೇ ಗುಂಡು ಇಡಬೇಕು ಅನ್ನುವ ಮಿತಿ ಇಲ್ಲ. ಮ್ಯಾಸಚೂಸೆಟ್ಸ್‌ನಂಥ ಕಡೆ ಅಗ್ನಿಶಾಮಕ ನಿಯಮದಲ್ಲಿ ಮಿತಿ ಇದೆ, ಆದರೆ ಬಜೆಟ್ಟಿನವರು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕೊಳ್ಳಬೇಕಾದದ್ದು ಎರಡು ಬಗೆ. ಅಭ್ಯಾಸಕ್ಕೆ ಅಗ್ಗದ್ದು, ಆಪತ್ತಿಗೆ ಒಳ್ಳೆಯದು. 9 ಎಂಎಂನಲ್ಲಿ ಅಭ್ಯಾಸಕ್ಕೆ ಎಫ್‌ಎಂಜೆ, ಅಂದರೆ ಸೀಸಕ್ಕೆ ಪೂರ್ತಿ ತಾಮ್ರದ ಹೊದಿಕೆ ಇರುವ ದುಂಡು ಮೂತಿಯ ಗುಂಡು, ಒಂದಕ್ಕೆ 22–28 ಸೆಂಟು. ಮನೆಯಲ್ಲಿ ತುಂಬಿಡಲು ಹಾಲೋ ಪಾಯಿಂಟ್, ಮೂತಿಯಲ್ಲಿ ಕುಳಿ ಇರುವುದು. ತಗುಲಿದಾಗ ಅರಳಿಕೊಳ್ಳುವುದರಿಂದ ಆಚೆ ತೂರಿ ಹೋಗುವುದು ಕಡಿಮೆ. ಒಂದಕ್ಕೆ 60 ಸೆಂಟಿನಿಂದ ಡಾಲರಿನ ಮೇಲೂ ಇದೆ. ನ್ಯೂಜೆರ್ಸಿಯಲ್ಲಿ ಇದನ್ನು ಮನೆಯಿಂದಾಚೆ ಒಯ್ಯಲು ನಿರ್ಬಂಧ ಇದೆ, ನೆನಪಿರಲಿ. 12 ಗೇಜಿನಲ್ಲಿ ಅಭ್ಯಾಸಕ್ಕೆ ಹಕ್ಕಿ ಹೊಡೆಯುವ ಸಣ್ಣ ಚರೆ, ಪೆಟ್ಟಿಗೆಯ ಮೇಲೆ 7½ ಇಲ್ಲವೇ 8 ಅಂತ ಇರುತ್ತದೆ, 25ಕ್ಕೆ 8–10 ಡಾಲರ್. ಮನೆಗೆ 00 ಬಕ್‌ಶಾಟ್, ಡಬಲ್ ಆಟ್ ಅನ್ನುತ್ತಾರೆ: ಒಂದು ತೋಟೆಯಲ್ಲಿ ಸಾಮಾನ್ಯವಾಗಿ ಎಂಟೋ ಒಂಬತ್ತೋ ದಪ್ಪ ಚರೆ, ಒಂದೊಂದೂ 8 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ. ಐದರ ಪೆಟ್ಟಿಗೆ 6–8 ಡಾಲರ್.

ನನ್ನ ಲೆಕ್ಕದಲ್ಲಿ ಸಾಕಾಗುವ ಪ್ರಮಾಣ: 9 ಎಂಎಂ ಆದರೆ 500 ಎಫ್‌ಎಂಜೆ, 100 ಹಾಲೋ ಪಾಯಿಂಟ್. ಶಾಟ್‌ಗನ್ ಆದರೆ 100 ಸಣ್ಣ ಚರೆ, 50 ಬಕ್‌ಶಾಟ್. .22 ಆದರೆ 1000. ಸಾವಿರ 9 ಎಂಎಂ ಗುಂಡು ಸುಮಾರು 12 ಕೆಜಿ ತೂಗುತ್ತದೆ. ಕಾಳ್ಗಿಚ್ಚು ಬಂದು ಅರ್ಧ ಗಂಟೆಯಲ್ಲಿ ಮನೆ ಬಿಡಿ ಅಂದಾಗ ಕಾರಿನಲ್ಲಿ ಅಷ್ಟು ಜಾಗಕ್ಕೆ ನೀರಿನ ಕ್ಯಾನು ಇಟ್ಟುಕೊಳ್ಳುವುದು ವಾಸಿ. ಹತ್ತು ಸಾವಿರ ಕೂಡಿಡುವ ಮಾತೆಲ್ಲ ಹವ್ಯಾಸ, ಸಿದ್ಧತೆ ಅಲ್ಲ.

ಒಮ್ಮೆಲೇ ಕೊಳ್ಳಬೇಡಿ. ತಿಂಗಳಿಗೆ ಖರ್ಚಾದದ್ದು ತುಂಬಿಸಿ, ಮೇಲೆ 50ರ ಒಂದು ಪೆಟ್ಟಿಗೆ ಸೇರಿಸುತ್ತಾ ಹೋಗಿ. ತಿಂಗಳಿಗೆ ಹೆಚ್ಚುವರಿ 11–14 ಡಾಲರಿನಲ್ಲಿ ವರ್ಷದ ಕೊನೆಗೆ 600 ಉಳಿಯುತ್ತದೆ. ಬೆಲೆ ಏರುವುದು ಭಯದ ಹೊತ್ತಿನಲ್ಲಿ: 2020–21ರಲ್ಲಿ ಇದೇ 9 ಎಂಎಂ ಗುಂಡು ಮೂರು ನಾಲ್ಕು ಪಟ್ಟಾಯಿತು, 2013ರಲ್ಲಿ .22 ಅಂಗಡಿಗಳಲ್ಲಿ ಕಾಣಲೇ ಇಲ್ಲ. ಆಗ ಕೊಳ್ಳದೆ ಇರುವಷ್ಟು ದಾಸ್ತಾನು ಇರಬೇಕು, ಅಷ್ಟೇ ಉದ್ದೇಶ.

ಕೊಳ್ಳುವಾಗ ಎಡವುವ ಜಾಗಗಳು:

ಹೆಸರಿನ ಗೊಂದಲ. 9 ಎಂಎಂ ಲೂಗರ್, 9 ಎಂಎಂ ಪ್ಯಾರಾಬೆಲಮ್, 9×19 ಮೂರೂ ಒಂದೇ. 9×18 ಮಕರೊವ್ ಬೇರೆ, .380 ಬೇರೆ. ನಳಿಗೆಯ ಮೇಲೆ ಕೆತ್ತಿದ್ದು ಮತ್ತು ಪೆಟ್ಟಿಗೆಯ ಮೇಲಿರುವುದು ಹೊಂದಬೇಕು.

12 ಮತ್ತು 20 ಗೇಜ್ ತೋಟೆ ಒಂದೇ ಮನೆಯಲ್ಲಿ ಬೇಡ. 20ರ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹೊರಗಿಂದ ಕಾಣುವುದಿಲ್ಲ. ಖಾಲಿ ಇದೆ ಅಂದುಕೊಂಡು 12ರ ತೋಟೆ ಹಾಕಿ ಹೊಡೆದರೆ ಮುಖದ ಹತ್ತಿರವೇ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಹಾಕುವುದು ಇದೇ ಕಾರಣಕ್ಕೆ.

ಉಕ್ಕಿನ ಕೇಸಿನ (ಮದ್ದು ತುಂಬಿದ ಹೊರಚಿಪ್ಪಿನ) ಅಗ್ಗದ ಗುಂಡು ಎರಡು ಮೂರು ಸೆಂಟು ಉಳಿಸುತ್ತದೆ, ಆದರೆ ಎಷ್ಟೋ ಒಳಾಂಗಣ ರೇಂಜುಗಳಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗಗಳಲ್ಲಿ, ಅಯಸ್ಕಾಂತ ಇಟ್ಟು ನೋಡಿ ವಾಪಸ್ ಕಳಿಸುತ್ತಾರೆ. ಬೇರೆ ಯಾರೋ ಮನೆಯಲ್ಲಿ ಮದ್ದು ತುಂಬಿ ಮಾಡಿದ ರೀಲೋಡ್ ಗುಂಡು ಪುಕ್ಕಟೆ ಕೊಟ್ಟರೂ ಬೇಡ. ಮದ್ದು ಹೆಚ್ಚಾಗಿದ್ದರೆ ಕೋವಿ ಒಡೆಯುತ್ತದೆ, ಇಲ್ಲದಿದ್ದರೆ ಗುಂಡು ನಳಿಗೆಯ ನಡುವೆ ನಿಲ್ಲುತ್ತದೆ.

7. ಎಲ್ಲಿ ಇಡಬೇಕು

ಗುಂಡಿಗೆ ಶತ್ರುಗಳು ಎರಡು, ಶೆಕೆ ಮತ್ತು ತೇವ. ಹವಾನಿಯಂತ್ರಣ ಇರುವ ಕೋಣೆಯ ಒಳಗಿನ ಕಪಾಟು ಎಲ್ಲಕ್ಕಿಂತ ಉತ್ತಮ. ಫೀನಿಕ್ಸಿನಂಥ ಸುಡುಬಿಸಿಲಿನ ಊರಿನ ಗ್ಯಾರೇಜು, ಅಟ್ಟ, ಕಾರಿನ ಡಿಕ್ಕಿ ಬೇಡವೇ ಬೇಡ. ಸುತ್ತ ರಬ್ಬರಿನ ಪಟ್ಟಿ ಇರುವ ಮಿಲಿಟರಿ ಮಾದರಿಯ ಲೋಹದ ಡಬ್ಬ, .50 ಕ್ಯಾಲಿಬರ್ ಕ್ಯಾನ್ ಅಂತ ಕೇಳಿ, 15–25 ಡಾಲರಿಗೆ ಸಿಗುತ್ತದೆ. 50ರ ಇಪ್ಪತ್ತು ಪೆಟ್ಟಿಗೆ ಹೆಚ್ಚುಕಡಿಮೆ ಹಿಡಿಯುತ್ತದೆ. ಮುಚ್ಚುವ ಮುಂಚೆ ರಬ್ಬರು ಬಿರುಕು ಬಿಟ್ಟಿದೆಯೇ ನೋಡಿ, ಒಳಗೆ ಸಿಲಿಕಾ ಜೆಲ್ ಚೀಲ ಹಾಕಿ. ಮಳೆಗಾಲದ ಶೆಕೆಯಲ್ಲಿ ಮುಚ್ಚಿದರೆ ಒಳಗಿನ ತೇವವೂ ಅಲ್ಲೇ ಉಳಿಯುತ್ತದೆ, ಎಸಿ ಕೋಣೆಯಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಮುಚ್ಚಿ.

ಗುಂಡನ್ನು ಅದರ ಮೂಲ ಪೆಟ್ಟಿಗೆಯಲ್ಲೇ ಇಡಿ. ಅದರ ಮೇಲಿನ ಲಾಟ್ ಸಂಖ್ಯೆ ಕಂಪನಿ ವಾಪಸ್ ಕರೆದಾಗ ಬೇಕಾಗುತ್ತದೆ. ಮೇಲೆ ಕೊಂಡ ತಿಂಗಳು ಬರೆಯಿರಿ, ಅಕ್ಕಿ ಡಬ್ಬದಂತೆ ಹಳೆಯದನ್ನು ಮೊದಲು ಖಾಲಿ ಮಾಡಿ. ಚೆನ್ನಾಗಿಟ್ಟರೆ ದಶಕಗಟ್ಟಲೆ ಕೆಡುವುದಿಲ್ಲ. ಹಸಿರು ಕಿಲುಬು ಹಿಡಿದದ್ದು, ಜಜ್ಜಿದ್ದು ಬಳಸಬೇಡಿ. ಪಿಸ್ತೂಲಿನಲ್ಲಿ ಅದೇ ಗುಂಡನ್ನು ಮತ್ತೆ ಮತ್ತೆ ಒಳಗೆ ಹಾಕಿ ತೆಗೆಯುತ್ತಿದ್ದರೆ ಅದರ ಮೂತಿಯ ಸೀಸದ ಭಾಗ ಕೇಸಿನೊಳಗೆ ಹಿಂದಕ್ಕೆ ಕುಸಿಯುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಬೇರೆ ಇಡಿ. ಇಂಥವನ್ನು ಕಸಕ್ಕೆ ಹಾಕದೆ ರೇಂಜಿಗೋ ಠಾಣೆಗೋ ಕೇಳಿ ಒಪ್ಪಿಸಿ.

ಬೆಂಕಿ ಬಿದ್ದರೆ ಡಬ್ಬದೊಳಗಿನ ಗುಂಡು ಪಟಪಟ ಸಿಡಿಯುತ್ತದೆ, ಆದರೆ ನಳಿಗೆ ಇಲ್ಲದೆ ಆ ವೇಗ ಬರುವುದಿಲ್ಲ. ಗುಂಡು ತುಂಬಿದ ಕೋವಿ ಮಾತ್ರ ನಿಜವಾಗಿಯೇ ಹಾರಿಸುತ್ತದೆ. ಪೆಟ್ರೋಲು, ಥಿನ್ನರಿನ ಪಕ್ಕ ಏನನ್ನೂ ಇಡಬೇಡಿ.

8. ಅಭ್ಯಾಸ

ರೇಂಜಿನ ಒಂದು ದಿನದ ಆರಂಭಿಕ ತರಗತಿ, ಸುಮಾರು 100 ಡಾಲರ್, ಕೋವಿ ಕೊಳ್ಳುವ ಮುಂಚೆಯೇ ಮುಗಿಸಿ. ಅಲ್ಲೇ ಬಾಡಿಗೆಗೆ ಎರಡು ಮೂರು ಹಿಡಿದು ನೋಡಿದರೆ ಯಾವುದು ಕೈಗೆ ಕೂರುತ್ತದೆ ಗೊತ್ತಾಗುತ್ತದೆ. ವೀಸಾದಲ್ಲಿರುವ ಗೆಳೆಯರನ್ನು ಜೊತೆಗೆ ಕರೆದೊಯ್ಯಬೇಡಿ. ಬಾಡಿಗೆ ಕೋವಿ ಕೈಯಲ್ಲಿದ್ದರೂ ವಶದಲ್ಲಿದೆ ಅಂತ ವಾದಿಸಲು ಸಾಧ್ಯ.

ಕಿವಿಗೆ ಇಯರ್‌ಮಫ್, ಒಳಾಂಗಣದಲ್ಲಿ ಅದರೊಳಗೆ ಫೋಮ್ ಪ್ಲಗ್ ಕೂಡ. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟುತ್ತದೆ, ಹೋದ ಕಿವಿ ವಾಪಸ್ ಬರುವುದಿಲ್ಲ. ಕಣ್ಣಿಗೆ ಸುರಕ್ಷಾ ಕನ್ನಡಕ. ಹೊಸ ಪಿಸ್ತೂಲಿನಲ್ಲಿ 200 ಅಭ್ಯಾಸದ ಗುಂಡು, ಆಮೇಲೆ ಮನೆಯಲ್ಲಿಡುವ ಹಾಲೋ ಪಾಯಿಂಟಿನಲ್ಲೂ 50 ಹೊಡೆದು ಎಲ್ಲೂ ಸಿಕ್ಕಿಕೊಳ್ಳಲಿಲ್ಲ ಅಂತ ಖಚಿತವಾದ ಮೇಲೆ ನಂಬಿ. ಮಣಿಕಟ್ಟು ಸಡಿಲ ಬಿಟ್ಟರೆ ಒಳ್ಳೆಯ ಪಿಸ್ತೂಲೂ ಸಿಕ್ಕಿಕೊಳ್ಳುತ್ತದೆ.

ಟ್ರಿಗರ್ ಒತ್ತಿದಾಗ ಢಂ ಬದಲು ಪುಸ್ ಅಂದರೆ ಕೂಡಲೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಸದ್ದೇ ಬರದಿದ್ದರೆ ಮೂತಿ ಗುರಿಯತ್ತಲೇ ಇಟ್ಟು 30 ಸೆಕೆಂಡ್ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಮನೆಗೆ ಬಂದ ಮೇಲೆ ಚಪ್ಪಲಿ ಹೊರಗೆ, ಕೈ ಮುಖ ಸೋಪು ಹಾಕಿ ತೊಳೆದ ಮೇಲೇ ಊಟ, ಬಟ್ಟೆ ಬೇರೆ ಒಗೆತ. ರೇಂಜಿನ ದೂಳಿನಲ್ಲಿ ಸೀಸ ಇರುತ್ತದೆ, ತೆವಳುವ ಮಕ್ಕಳಿಗೆ ಅದು ವಿಷ.

ಶಾಟ್‌ಗನ್ ದಾರಿಯ ಒಟ್ಟು ಲೆಕ್ಕ: ಕೋವಿ 230, ಕಪಾಟು 150, ತರಗತಿ 100, ಕಿವಿ ಕಣ್ಣಿಗೆ 40, ನೂರು ಸಣ್ಣ ಚರೆ 40, ಮೊದಲ 25 ಬಕ್‌ಶಾಟ್ 40. ತೆರಿಗೆ ಬಿಟ್ಟು 600 ಡಾಲರ್. ಬಳಸಿದ 9 ಎಂಎಂ ದಾರಿಯಲ್ಲಿ, 500 ಎಫ್‌ಎಂಜೆಯೂ ಸೇರಿ, 800ರ ಹತ್ತಿರ ಹೋಗುತ್ತದೆ.

9. ಊರಿಗೆ ಹೊರಡುವ ಮುಂಚೆ

ರೇಂಜಿಗೆ ಒಯ್ಯುವ ಚೀಲ ಅದಕ್ಕೇ ಮೀಸಲಿರಲಿ. ಲ್ಯಾಪ್‌ಟಾಪ್ ಬ್ಯಾಗನ್ನೇ ಒಮ್ಮೆ ರೇಂಜಿಗೆ ಒಯ್ದು, ಆರು ತಿಂಗಳಾದ ಮೇಲೆ ಅದೇ ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿನ ವಿಮಾನ ಹತ್ತುವುದು ಸುಲಭವಾಗಿ ಆಗುವ ತಪ್ಪು. ಮೂಲೆ ಜೇಬಿನಲ್ಲಿ ಉಳಿದ ಒಂದು ಗುಂಡು ಹೋಗುವಾಗ ಕಣ್ತಪ್ಪಿ ಪಾರಾಗಿ, ಬರುವಾಗ ಕೆಂಪೇಗೌಡ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಬಹುದು. ಅಲ್ಲಿ ಅದು 1959ರ ಶಸ್ತ್ರ ಕಾಯ್ದೆಯ ಕೇಸು. ಅರಿವಿದ್ದು ಇಟ್ಟುಕೊಂಡದ್ದೋ ಅಲ್ಲವೋ ಅನ್ನುವುದನ್ನು ಕೋರ್ಟುಗಳು ನೋಡುತ್ತವೆ, ಇಂಥ ಎಷ್ಟೋ ಕೇಸುಗಳು ರದ್ದಾಗಿಯೂ ಇವೆ. ಆದರೆ ಅಷ್ಟರಲ್ಲಿ ವಿಮಾನ ತಪ್ಪಿರುತ್ತದೆ, ರಜೆ ಮುಗಿದಿರುತ್ತದೆ, ವಕೀಲರ ಫೀಸು ಶುರುವಾಗಿರುತ್ತದೆ.

ಪ್ಯಾಕ್ ಮಾಡುವ ಮುಂಚೆ ಬ್ಯಾಗು ತಲೆಕೆಳಗೆ ಮಾಡಿ ಒದರಿ, ಪ್ರತಿ ಜೇಬನ್ನೂ ಒಳಮಗ್ಗುಲು ಹೊರಕ್ಕೆ ತಿರುಗಿಸಿ. ಜಾಕೆಟ್ಟಿನ ಜೇಬು, ಕಾರಿನ ಸೀಟಿನ ಸಂದಿ, ಮಕ್ಕಳ ಬ್ಯಾಗು ಕೂಡ ನೋಡಿ. ಹಾರಿಸಿದ ಗುಂಡಿನ ಖಾಲಿ ಚಿಪ್ಪು ಸಿಕ್ಕರೂ ತೆಗೆದಿಡಿ, ಅದನ್ನು ವಿವರಿಸುತ್ತಾ ಕೂರುವುದಕ್ಕೂ ಗಂಟೆಗಟ್ಟಲೆ ಬೇಕು. ವಿಮಾನ ನಿಲ್ದಾಣ ತಲುಪಿದ ಮೇಲೆ ನೆನಪಾದರೆ ತಪಾಸಣೆಯ ಸಾಲಿಗೆ ಸೇರಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಅಮೆರಿಕದ ಕಡೆ ಆದರೆ ವಾಪಸ್ ಕಾರಿಗೆ ಹೋಗಿ, ಬಿಡಲು ಬಂದವರು ಕಾನೂನಿನಂತೆ ಇಟ್ಟುಕೊಳ್ಳಬಹುದಾದವರಾಗಿದ್ದರೆ ಅವರ ಕೈಗೆ ಕೊಡಿ. ಅವರೂ ಎಚ್-1ಬಿಯಲ್ಲಿ ಇದ್ದರೆ ಕೊಡುವಂತಿಲ್ಲ, ವಿಮಾನ ನಿಲ್ದಾಣದ ಪೊಲೀಸರಿಗೆ ನೀವೇ ಹೇಳಿ ಒಪ್ಪಿಸಿ.